ಪೆನ್ ಡ್ರೈವ್ ಬರೀ ಹಾಡಿಗಲ್ಲ, ಮನೀ ಕಾಗದಕ್ಕೂ ಇರಲಿ

ನಮ್ಮ ಇಂಡಿ ತಾಲೂಕಿನಾಗ ಪೆನ್ ಡ್ರೈವ್ ಇಲ್ಲದ ಟ್ರ್ಯಾಕ್ಟರ್ ಹುಡುಕಬೇಕಂದ್ರ ಒಂದು ದಿನ ಬೇಕು. ರಂಟೆ ಹೊಡೆಯುವಾಗ, ಕಬ್ಬಿನ ಗಾಡಿ ಸಾಲುಗಟ್ಟಿ ನಿಂತಾಗ, ರಾಶಿ ಮಷೀನು ತಿರುಗುವಾಗ ಎಲ್ಲಾ ಕಡೆ ಅದರದೇ ದನಿ. ಕಿರುಬೆರಳಿನಷ್ಟು ಉದ್ದದ ಆ ಚೂರಿನೊಳಗ ಡೊಳ್ಳಿನ ಪದ, ಭಜನಿ ಪದ, ಸಿನೆಮಾ ಹಾಡು, ಪಾರಿಜಾತ ಎಲ್ಲಾ ಹಿಡಿಸಿರ್ತಾವ. ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು ದೇಹ ಬಿಟ್ಟದ್ದು 2023ರ ಜನವರಿ 2ಕ್ಕೆ. ಅವರ ಪ್ರವಚನ ಇವತ್ತಿಗೂ ಮುಂಜಾನೆ ಎಷ್ಟೋ ಮನೆಯಾಗ ಇದರಿಂದಲೇ ಕೇಳಿಬರ್ತದ.

ಆದರೆ ಹಾಡು, ಪ್ರವಚನ ಬಿಟ್ಟು ಮತ್ತೊಂದು ಕೆಲಸಕ್ಕೆ ಇದನ್ನು ಬಳಸುವ ರೈತರು ನನಗೆ ಕಂಡದ್ದು ಬಹಳ ಕಡಿಮೆ. ಲಚ್ಯಾಣದಾಗ ಎಣಿಸಿದರೆ ಎರಡು ಕೈ ಬೆರಳು ಸಾಕು. ನನ್ನ ಮಾತು ಇಷ್ಟೇ. ಒಕ್ಕಲುತನದ ಮನೆಯಾಗ ಹೊಲದ ಕಾಗದಪತ್ರ, ಬೆಳೆಯ ಫೋಟೋ, ಹಿರಿಯರ ದನಿ ಕೂಡಿಟ್ಟ ಪೆನ್ ಡ್ರೈವ್ ಇರಬೇಕು. ಅದು ಒಂದಲ್ಲ, ಎರಡು ಇರಬೇಕು. ಮತ್ತೆ ಅದು ಅಂಗಡಿಯವನ ಡ್ರಾವರಿನಾಗ ಅಲ್ಲ, ನಮ್ಮ ಟ್ರಂಕಿನಾಗ ಇರಬೇಕು. ಏಳನೆತ್ತೆ ಕಲಿತವ ಕಂಪ್ಯೂಟರಿನ ಮಾತು ಏನು ಬರೀತಾನ ಅಂತ ನಗಬ್ಯಾಡ್ರಿ. ಕಂಪ್ಯೂಟರ್ ನನಗೆ ಬರೋದಿಲ್ಲ. ಆದರೆ ಈ ಚೂರಿನ ಸಂಗಡ ಏಳೆಂಟು ವರ್ಷ ಏಗೇನಿ, ಅದರ ಗುಣ ಅವಗುಣ ಗೊತ್ತು. ಎತ್ತಿನ ಡಾಕ್ಟರಿಕಿ ಕಲಿಯದವನಿಗೂ ತನ್ನ ಎತ್ತು ಯಾವಾಗ ಹಾಯ್ತದ ಅನ್ನೋದು ಗೊತ್ತಿರ್ತದಲ್ಲ, ಹಂಗ.

ಮೊದಲು ಕೇಳೋ ಪ್ರಶ್ನೆ: "ಫೋನ್ ಅದಲ್ಲ ಮಾವ, ಅದೊಂದು ಯಾಕ ಮತ್ತ?" ಈ ಪ್ರಶ್ನೆ ನನ್ನ ಅಳಿಯನದು. ಫೋನಿನಾಗ ಎಲ್ಲಾ ಇರ್ತದ ಅನ್ನೋದು ಖರೆ. ಆದರೆ ಫೋನ್ ಯಾರದು? ನಮ್ಮ ಮನೆಗಳಾಗ ದೊಡ್ಡ ಫೋನು ಬಹುಪಾಲು ಮಗನ ಕೈಯಾಗ ಇರ್ತದ. ಮಗ ದುಡಿಯಾಕ ಪುಣೆಗೆ ಹೋದ, ಸೊಲ್ಲಾಪುರಕ್ಕೆ ಹೋದ ಅಂದ್ರ ಹೊಲದ ಉತಾರವೂ ಅವನ ಕಿಸೆಯಾಗ ರೈಲು ಹತ್ತಿತು ಅಂತಲೇ ಲೆಕ್ಕ. ಎರಡು ಮೂರು ವರ್ಷಕ್ಕೆ ಫೋನ್ ಬದಲಾಗ್ತದ. ನೀರಿಗೆ ಬೀಳ್ತದ, ಗಾಜು ಒಡೀತದ, ಜಾಗ ತುಂಬಿತು ಅಂತ ಹುಡುಗರು ಒಂದೇ ಸಲ ಎಲ್ಲಾ ಅಳಿಸಿ ಒಗೀತಾರ. ವಾಟ್ಸಾಪಿನಾಗ ಕಳಿಸಿದ ಫೋಟೋ ಸಣ್ಣದಾಗಿ ಬರ್ತದ, ಉತಾರದಾಗಿನ ಸಣ್ಣ ಅಕ್ಷರ ಹಿಗ್ಗಿಸಿ ನೋಡಿದರೆ ಇರುವಿ ಸಾಲಿನಂಗ ಕಾಣ್ತದ. ಇಳಿಸಿಕೊಳ್ಳದೆ ಬಹಳ ದಿನ ಬಿಟ್ಟು ಒತ್ತಿದರೆ ಫೈಲು ಈಗ ಇಲ್ಲ ಅಂತದ.

ನಮ್ಮ ಬಾಜೂ ಹೊಲದವರದು ಒಂದು ಸಂಗತಿ ಹೇಳ್ತೀನಿ. ಕೊಯ್ದು ಹೊಲದಾಗ ಹಾಕಿದ್ದ ತೊಗರಿ ಅಕಾಲ ಮಳೆಗೆ ತೊಯ್ದು ಹೋಯಿತು. ಬೆಳೆವಿಮೆಯಾಗ ಇಂಥಾದ್ದಕ್ಕ 72 ತಾಸಿನೊಳಗ ಸುದ್ದಿ ಮುಟ್ಟಿಸಬೇಕು ಅಂತ ನಿಯಮ ಅದ. ಮುಟ್ಟಿಸಿದರು. ಫೋಟೋನೂ ಹೊಡೆದರು, ಚಲೋ ಹೊಡೆದಿದ್ದರು, ಸೂಡು ಎತ್ತಿ ಹಿಡಿದು ಮೊಳಕೆ ಕಾಣುವಂಗ. ತಿಂಗಳುಗಟ್ಟಲೆ ತಿರುಗಾಡಿದ ಮ್ಯಾಲ ಮತ್ತೆ ಫೋಟೋ ತರ್ರಿ ಅಂದಾಗ ಆ ಫೋನು ರಿಪೇರಿಗೆ ಹೋಗಿ ಖಾಲಿಯಾಗಿ ಬಂದಿತ್ತು. ಹೊಲ ಅಷ್ಟೊತ್ತಿಗೆ ರಂಟೆ ಹೊಡೆದು ಹದಾ ಮಾಡಿ ಆಗಿತ್ತು. ಏನು ತೋರಿಸಬೇಕು? ಫೋಟೋ ಹೊಡೆದ ದಿನ ಸಂಜಿಮುಂದ ಒಂದು ಪೆನ್ ಡ್ರೈವಿಗೆ ಇಳಿಸಿದ್ದರೆ ಇಷ್ಟು ಪೇಚಾಟ ಇರ್ತಿರಲಿಲ್ಲ. ಈಗ ಬರೋ ಪೆನ್ ಡ್ರೈವುಗಳಾಗ ಎರಡು ಬಾಯಿ ಇರುವಂಥಾವು ಸಿಗ್ತಾವ. ಒಂದು ಬಾಯಿ ಕಂಪ್ಯೂಟರಿಗೆ, ಇನ್ನೊಂದು ನೆಟ್ಟಗೆ ಫೋನಿಗೆ ಸಿಗಸೋದು. ನಡುವ ಅಂಗಡಿಯೇ ಬ್ಯಾಡ.

ಅಂಗಡಿ ಮಾತು ಬಂತು. ನನ್ನ ದೊಡ್ಡ ತಕರಾರು ಇರೋದು ಇಲ್ಲೇ. ಒಂದು ಬೆಳೆ ಸಾಲಕ್ಕ, ಒಂದು ಸಬ್ಸಿಡಿಗೆ, ಒಂದು ವಿಮೆಗೆ ನಾವು ಎಷ್ಟು ಸಲ ಅದೇ ಕಾಗದ ಸ್ಕ್ಯಾನ್ ಮಾಡಸ್ತೀವಿ ಲೆಕ್ಕ ಹಾಕ್ರಿ. ಉತಾರ, ಆಧಾರ, ಬ್ಯಾಂಕ್ ಪುಸ್ತಕ, ಜಾತಿ ಆದಾಯದ ಸರ್ಟಿಫಿಕೇಟು, ಬೇಬಾಕಿ, ಫೋಟೋ. ಹೋದ ಹೋದ ಸಲ ಹಾಳಿಗೆ ಹತ್ತು ರೂಪಾಯಿ, ಇಪ್ಪತ್ತು ರೂಪಾಯಿ. ತಾಲೂಕಿನ ಊರಾಗ ನಾನು ಹೋಗುತ್ತಿದ್ದ ಒಂದು ಆನ್‌ಲೈನ್ ಅಂಗಡಿಯ ಹುಡುಗ, "ಕಾಕಾ, ನಿಮ್ಮದೆಲ್ಲಾ ನಮ್ಮ ಸಿಸ್ಟಮ್‌ನಾಗ ಅದ, ಯಾಕ ಚಿಂತಿ ಮಾಡ್ತೀರಿ" ಅಂತಿದ್ದ. ಮಾತು ಕೇಳಾಕ ಚಂದ ಇತ್ತು. ಒಂದು ದಿನ ಹೋದರೆ ಅಂಗಡಿಗೆ ಕೀಲಿ. ಬಾಡಿಗೆ ಕಟ್ಟಲಿಲ್ಲ ಅಂತ ಸಾಮಾನು ಮಾರಿ ಹೋದನಂತೆ. ನಮ್ಮಪ್ಪ ಅಣ್ಣತಮ್ಮರ ಸಂಗಡ ಮಾಡಿಕೊಂಡ ವಾಟ್ನಿ ಪತ್ರದ ಚಲೋ ಸ್ಕ್ಯಾನು ಆ ಕಂಪ್ಯೂಟರಿನಾಗಿತ್ತು. ಆ ಕಂಪ್ಯೂಟರ್ ಈಗ ಯಾವ ಊರಾಗ, ಯಾರ ಮುಂದ ಕುಂತದೋ. ಮೂಲ ಕಾಗದ ಮನೆಯಾಗ ಅದ, ಆ ಮಾತು ಬೇರೆ. ಆದರೆ ನನ್ನ ಆಧಾರ, ನನ್ನ ಖಾತೆ ನಂಬರು, ನನ್ನ ಸಹಿ, ಹೆಬ್ಬಟ್ಟು ಒತ್ತಿದ ಅವ್ವನ ಕಾಗದ ಎಲ್ಲಾ ಗುರ್ತಿಲ್ಲದವರ ಪಾಲಿಗೆ ಹೋದವು. ಆ ಹುಡುಗ ಕೆಟ್ಟವನಲ್ಲ. ಆದರೆ ಕೆಟ್ಟವನ ಕೈಗೆ ಸಿಕ್ಕರೆ ಏನಾಗ್ತದ ಅನ್ನೋದನ್ನ ಪೇಪರಿನಾಗ ದಿನಾ ಓದ್ತೀವಿ.

ಅಂದಿನಿಂದ ಒಂದು ಪದ್ಧತಿ ಇಟ್ಟುಕೊಂಡೇನಿ. ನನ್ನ ಪೆನ್ ಡ್ರೈವ್ ಒಯ್ಯೋದು, ಸ್ಕ್ಯಾನ್ ಅದರಾಗೇ ಹಾಕಿಸಿಕೊಳ್ಳೋದು, "ತಮ್ಮಾ, ಈಗ ನಿನ್ನ ಕಂಪ್ಯೂಟರಿನಾಗಿಂದು ಅಳಸು, ಕಸದ ಬುಟ್ಟಿಯಾಗಿಂದೂ ಅಳಸು" ಅಂತ ಎದುರು ನಿಂತು ಅಳಸೋದು. ಮೊದಲ ಸಲ ಅವರ ಮಾರಿ ಸಪ್ಪಗಾಗ್ತದ. ಎರಡನೇ ಸಲದಿಂದ ಅವರೇ ಕೇಳ್ತಾರ.

ಇದರ ಹುಟ್ಟಿನ ಕತೆ ನನ್ನ ತಂಗಿಯ ಮಗಳು ಹೇಳಿದ್ದು, ವಿಜಯಪುರದಾಗ ಬಿಸಿಎ ಓದ್ಯಾಳ. ಕೇಳಿದಾಗ ನನಗ ಆಶ್ಚರ್ಯ ಆತು, ಅದಕ್ಕ ಇಲ್ಲಿ ಬರೀತೀನಿ. ಪೆನ್ ಡ್ರೈವಿನ ಆ ಚಪ್ಪಟೆ ಬಾಯಿಗೆ ಯುಎಸ್‌ಬಿ ಅಂತಾರ. ಕಂಪ್ಯೂಟರಿಗೆ ಎಲ್ಲಾ ಸಾಮಾನು ಒಂದೇ ನಮೂನಿ ಬಾಯಿಂದ ಸಿಗಬೇಕು ಅಂತ ಇಂಟೆಲ್ ಕಂಪನಿಯಾಗ ಆ ಕೆಲಸದ ಮುಂದಾಳಾಗಿ ನಿಂತವರಲ್ಲಿ ಒಬ್ಬರು ನಮ್ಮ ಗುಜರಾತದ ಬಡೋದೆಯಿಂದ ಹೋದ ಅಜಯ್ ಭಟ್. 1996ರಾಗ ಅದು ಹೊರಬಂತು. ಒಳಗಿನ ನೆನಪಿನ ಚಿಪ್ಪು ಜಪಾನಿನ ತೋಶಿಬಾ ಕಂಪನಿಯ ಫುಜಿಯೋ ಮಸುವೊಕಾ ಅವರು ಕಂಡುಹಿಡಿದದ್ದು, 1984ರಾಗ ಲೋಕಕ್ಕೆ ತಿಳಿಸಿದರು. ಇವೆರಡೂ ಕೂಡಿ 2000ದಾಗ ಪೆನ್ ಡ್ರೈವ್ ಮಾರಾಟಕ್ಕೆ ಬಂತು, ಸಿಂಗಾಪುರದ ಒಂದು ಕಂಪನಿಯಿಂದ, ಇಸ್ರೇಲಿನ ಒಂದು ಕಂಪನಿಯಿಂದ. ಆಗ ಅದರಾಗ ಹಿಡೀತಿದ್ದದ್ದು 8 ಎಂಬಿ. ಅಂದ್ರ ಆಗಿನ ಫ್ಲಾಪಿ ಐದೂವರೆ. ಹಾಡಿನ ಲೆಕ್ಕದಾಗ ಹೇಳಬೇಕಂದ್ರ ನಿಮಿಷಕ್ಕ ಸುಮಾರು ಒಂದು ಎಂಬಿ ಬೇಕು, ಎಂಟು ನಿಮಿಷದ ಭಜನಿ ಪದ ಒಂದು ಹಾಕಿದರೆ ತುಂಬಿತು! ಈಗ ಸಾಧಾರಣ ಸಿಗುವ 16 ಜಿಬಿ ಒಳಗ ಅದೇ ಲೆಕ್ಕಕ್ಕ 250 ತಾಸಿಗೂ ಮಿಕ್ಕಿ ಹಿಡಿಸ್ತದ. ಹಗಲೂ ರಾತ್ರಿ ಹಚ್ಚಿಟ್ಟರೂ ಹತ್ತು ದಿನ.

ಈ ಚಿಪ್ಪಿನೊಳಗ ತಿರುಗೋ ಚಕ್ರ ಇಲ್ಲ, ಸೂಜಿ ಇಲ್ಲ. ಕೋಟಿಗಟ್ಟಲೆ ಸಣ್ಣ ಸಣ್ಣ ಗೂಡು, ಗೂಡಿನಾಗ ವಿದ್ಯುತ್ತಿನ ಕಣ ಹಿಡಿದು ಮುಚ್ಚಿಟ್ಟಿರ್ತಾರ. ಕರೆಂಟ್ ಇಲ್ಲದಿದ್ದರೂ ಅವು ಅಲ್ಲೇ ಇರ್ತಾವ. ಗೂಡಿನಾಗ ಕಣ ಇದ್ದರೆ ಒಂದು ಅರ್ಥ, ಇಲ್ಲದಿದ್ದರೆ ಇನ್ನೊಂದು. ಇಷ್ಟರ ಮ್ಯಾಲೆ ಉತಾರವೂ ನಿಂತದ, ಹಾಡೂ ನಿಂತದ. ಆದರೆ ಆ ಮುಚ್ಚಳ ಪೂರಾ ಬಿಗಿ ಅಲ್ಲ. ವರ್ಷಗಳು ಕಳೆದಂಗ ಕಣ ಸೋರ್ತಾವ. ಬಿಸಿಲು ಹೆಚ್ಚಾದಷ್ಟೂ ಸೋರೋದು ಜಾಸ್ತಿ. ಬರೆದು ಅಳಿಸಿ, ಬರೆದು ಅಳಿಸಿ ಮಾಡಿದಷ್ಟೂ ಗೂಡು ಸವೀತಾವ. ನಮ್ಮ ಕಡೆ ಏಪ್ರಿಲ್ ಮೇ ಬಿಸಿಲು 40 ಡಿಗ್ರಿ ದಾಟ್ತದ. ಟ್ರ್ಯಾಕ್ಟರಿನ ಮುಂದ ವರ್ಷಪೂರ್ತಿ ಸಿಗಿಸಿಟ್ಟ ಪೆನ್ ಡ್ರೈವು ಮುಟ್ಟಿದರೆ ಕೈ ಸುಡ್ತದ. ಹಾಡಿಗಾದರೆ ಅಡ್ಡಿಯಿಲ್ಲ, ಹೋದರೆ ಮತ್ತೆ ಹಾಕಿಸಿದರಾತು. ಹೊಲದ ಕಾಗದ ಇಟ್ಟದ್ದನ್ನ ಅಲ್ಲಿ ಸಿಗಸಬಾರದು. ಹಾಡಿನದು ಬೇರೆ, ಕಾಗದದ್ದು ಬೇರೆ ಇಡ್ರಿ. ನಾನು ಕಾಗದದ್ದಕ್ಕ ಕೆಂಪು ದಾರ ಕಟ್ಟೇನಿ.

ಇನ್ನು ರೋಗದ ಮಾತು. ಒಂದು ಸಲ ಝರಾಕ್ಸ್ ಅಂಗಡಿಯೊಂದರಾಗ ನನ್ನ ಪೆನ್ ಡ್ರೈವ್ ಹಾಕಿ ತೆಗೆದೆ. ಮುಂದ ಮತ್ತೊಂದು ಕಡೆ ತೆರೆದರೆ ನನ್ನ ಫೈಲುಗಳೆಲ್ಲಾ ಮೂಲ್ಯಾಗ ಬಾಣದ ಗುರ್ತು ಹೊತ್ತುಕೊಂಡು ಒಂದೊಂದು ಕೆಬಿ ಆಗಿ ಕುಂತಿದ್ದವು. ಒತ್ತಿದರೆ ಏನೂ ತೆರೆಯವಲ್ಲದು. ಅಲ್ಲಿಯವ, "ವೈರಸ್ ಹೊಕ್ಕದ, ಫಾರ್ಮ್ಯಾಟ್ ಹೊಡೀತೀನಿ, ಎರಡು ನಿಮಿಷದ ಕೆಲಸ" ಅಂದ. ಫಾರ್ಮ್ಯಾಟ್ ಅಂದ್ರ ಏನಂತ ಗೊತ್ತಿರುವವರು ಬೆಚ್ಚಬೇಕು. ಹೊಲದಾಗ ಕರಿಕಿ ಆಗ್ಯದ ಅಂತ ಬೆಳೆ ಸಮೇತ ಬೆಂಕಿ ಹಚ್ಚಿದಂಗ. ನಾನು ಕಿತ್ತುಕೊಂಡು ಬಂದು ತಂಗಿಯ ಮಗಳಿಗೆ ಕೊಟ್ಟೆ. ಆಕೆ ನೋಡಿ, "ಮಾಮಾ, ಫೈಲು ಎಲ್ಲೂ ಹೋಗಿಲ್ಲ, ವೈರಸ್ಸು ಅವನ್ನ ಬಚ್ಚಿಟ್ಟು ಬೇರೆ ಬೋರ್ಡು ಹಾಕ್ಯದ ಅಷ್ಟೇ" ಅಂತ ಕಂಪ್ಯೂಟರಿಗೆ ಒಂದು ಸಾಲಿನ ಅಪ್ಪಣೆ ಟೈಪು ಮಾಡಿ ಎಲ್ಲಾ ಹೊರಗೆಳೆದಳು. ಆಮ್ಯಾಲೆ ಬೇಕಾದ್ದನ್ನ ಬೇರೆ ಕಡೆ ಇಟ್ಟು, ಪೆನ್ ಡ್ರೈವ್ ಸ್ವಚ್ಛ ಮಾಡಿ, ತಿರುಗಿ ತುಂಬಿದಳು. ಆದ್ದರಿಂದ ಫಾರ್ಮ್ಯಾಟ್ ಅನ್ನೋ ಮಾತು ಬಂದ ಕೂಡಲೇ ಪೆನ್ ಡ್ರೈವ್ ಕೈಗೆ ತಗೊಂಡು ಬರ್ರಿ, ತಿಳಿದವರಿಗೆ ತೋರಸ್ರಿ. ಗೊತ್ತಿಲ್ಲದೆ ಅಳಿಸಿ ಹೋದದ್ದೂ ಸಹಿತ ಅದರ ಮ್ಯಾಲೆ ಹೊಸದು ಬರೆಯದಿದ್ದರೆ ಬಹಳ ಸಲ ತಿರುಗಿ ಬರ್ತದ. ಇದಕ್ಕ ಇನ್ನೊಂದು ಮಗ್ಗಲೂ ಅದ, ನೀವು ಅಳಿಸಿ ಮಾರಿದ ಪೆನ್ ಡ್ರೈವಿನಾಗಿಂದ ಬೇರೆಯವರೂ ತೆಗೀಬಹುದು. ಹಳೇದನ್ನ ಮಾರಬ್ಯಾಡ್ರಿ, ಯಾರಿಗೂ ಕೊಡಬ್ಯಾಡ್ರಿ.

ನಮ್ಮಂಥ ಸಣ್ಣವರಿಗಷ್ಟೇ ಈ ರೋಗ ಬರ್ತದ ಅನಕೊಂಡಿದ್ದೆ. ಇರಾನ್ ದೇಶದ ಅಣುಕೇಂದ್ರದಾಗ ಇಂಟರ್ನೆಟ್ಟಿನ ಸಂಪರ್ಕವೇ ಇರದ ಯಂತ್ರಗಳನ್ನು ಸ್ಟಕ್ಸ್‌ನೆಟ್ ಅನ್ನೋ ವೈರಸ್ ಕೆಡಿಸಿತಂತೆ, ಅದು ಬಯಲಿಗೆ ಬಂದದ್ದು 2010ರಾಗ. ಆ ವೈರಸ್ ಹಬ್ಬೋದು ಪೆನ್ ಡ್ರೈವಿನಿಂದ. ಅಷ್ಟು ಕಾವಲಿದ್ದಲ್ಲೇ ಹಂಗಾದ ಮ್ಯಾಲೆ ಸಂತೀ ದಿನ ನೂರು ಮಂದಿ ಪೆನ್ ಡ್ರೈವ್ ಹೊಕ್ಕು ಬರೋ ಅಂಗಡಿ ಕಂಪ್ಯೂಟರಿನ ಗತಿ ಏನು? ಸರ್ಕಾರಿ ಆಫೀಸು, ಬ್ಯಾಂಕಿನಾಗ ನಮ್ಮ ಪೆನ್ ಡ್ರೈವ್ ಮುಟ್ಟೋದಿಲ್ಲ ಅಂದ್ರ ಸಿಟ್ಟಾಗೋ ರೈತರು ಇದ್ದಾರ. ಅದರಾಗ ಅವರದು ತಪ್ಪಿಲ್ಲ. ಜಾನುವಾರು ಸಂತ್ಯಾಗಿಂದ ತಂದ ಹೋರಿನ ನಾವೂ ನೆಟ್ಟಗೆ ಗ್ವಾದಲಿಗೆ ಕಟ್ಟೋದಿಲ್ಲ.

ಮೋಸದ ಮಾಲೂ ಬಂದದ. ನನ್ನ ಅಣ್ಣನ ಮಗ ಒಂದು ಜಾತ್ರ್ಯಾಗ "2 ಟಿಬಿ" ಅಂತ ಬರೆದದ್ದನ್ನ 400 ರೂಪಾಯಿಗೆ ತಂದ. ಕಂಪ್ಯೂಟರಿಗೆ ಹಾಕಿದರೆ ಅದೂ 2 ಟಿಬಿ ಅಂತಲೇ ತೋರಸ್ತು. ಮದುವೆ ವಿಡಿಯೋ ತುಂಬಿದ. ಹೆಸರು ಎಲ್ಲಾ ಕಾಣ್ತಾವ, ಒತ್ತಿದರೆ ಕರ್ರಗ. ಒಳಗಿನ ಚಿಪ್ಪು ಸಣ್ಣದಿಟ್ಟು, ದೊಡ್ಡದಂತ ಸುಳ್ಳು ಹೇಳೋ ಹಂಗ ಅದನ್ನ ತಿದ್ದಿರ್ತಾರ. ಜಾಗ ಮುಗಿದ ಮ್ಯಾಲೆ ಹೊಸದು ಹಳೇದರ ಮ್ಯಾಲೆ ಬಿದ್ದು ಎರಡೂ ಹಾಳು. ಎರಡು ಪಡಿ ಚೀಲಕ್ಕ ಎರಡು ಕ್ವಿಂಟಲ್ ಅಂತ ಚೀಟಿ ಅಂಟಿಸಿದಂಗ. ಹೊಸ ಪೆನ್ ಡ್ರೈವ್ ತಂದರೆ ಒಂದು ಸಲ ಬೇಡಾದ ವಿಡಿಯೋ ಪೂರಾ ಕಂಠಮಟ ತುಂಬ್ರಿ. ಹೊರಗ ತೆಗೆದು ತಿರುಗಿ ಹಾಕಿ ಮೊದಲಿನದು, ನಡುವಿನದು, ಕೊನೇದು ತೆರೆದು ನೋಡ್ರಿ. ನಡೆದರೆ ಅದನ್ನೆಲ್ಲಾ ಅಳಿಸಿ ನಿಮ್ಮದು ಹಾಕ್ರಿ. ಅಂದಂಗ 16 ಜಿಬಿ ಅಂತ ಬರೆದದ್ದು ಕಂಪ್ಯೂಟರಿನಾಗ 14.9 ಅಂತ ತೋರಿಸ್ತದ. ಅದು ಮೋಸ ಅಲ್ಲ. ಕಂಪನಿಯವರು ಸಾವಿರದ ಲೆಕ್ಕ ಹಿಡೀತಾರ, ಕಂಪ್ಯೂಟರ್ 1024ರ ಲೆಕ್ಕ ಹಿಡೀತದ. ತೂಕದಾಗ ಸೂಟು ಹಿಡಿಯೋ ಅಡತಿಯವರನ್ನ ಕಂಡವರಿಗೆ ಇದು ಬಹಳ ಅನಿಸೋದಿಲ್ಲ.

ಕಾಗದದ ಮಾತು ಬಹಳಾತು. ನನಗೆ ಇದಕ್ಕಿಂತ ದೊಡ್ಡದು ಅನಿಸಿದ್ದು ದನಿ.

ನಮ್ಮ ದೊಡ್ಡವ್ವ, ಅಂದ್ರ ನಮ್ಮವ್ವನ ಅಕ್ಕ, ಬೀಸುಕಲ್ಲಿನ ಪದ ಹಾಡುತ್ತಿದ್ದಳು. ಓದು ಬರಹ ಇಲ್ಲ. ಹಿಟ್ಟಿನ ಗಿರಣಿ ಬಂದು ನಲವತ್ತು ವರ್ಷ ಆದರೂ ಬೆಳಗಿನ ಜಾವ ಆಕೆಗೆ ಎಚ್ಚರಾದರೆ ಪದ ತಾನೇ ಬರ್ತಿತ್ತು. 2017ರಾಗ ಕಾಲೇಜು ಓದೋ ಒಬ್ಬ ಹುಡುಗಿ ಬಂದು ಮೂರು ದಿನ ನಮ್ಮ ಮನ್ಯಾಗ ಇದ್ದು ಫೋನಿನಾಗ ಹಾಡು ತುಂಬಿಕೊಂಡಳು. 42 ಪದ, ಕೂಡಿಸಿದರೆ ಮೂರೂವರೆ ತಾಸು. ಹೋಗುವಾಗ, "ಅಣ್ಣಾ, ಇದು ನಿಮ್ಮ ಮನೀದು" ಅಂತ ಒಂದು ಪೆನ್ ಡ್ರೈವ್ ಕೊಟ್ಟು ಹೋದಳು. ಮೂರೂವರೆ ತಾಸು ಅಂದ್ರ 210 ಎಂಬಿ. ಇಂಥಾ ಎಪ್ಪತ್ತು ದೊಡ್ಡವ್ವಂದಿರ ಪದ 16 ಜಿಬಿಯ ಒಂದು ಪೆನ್ ಡ್ರೈವಿನಾಗ ಹಿಡಿಸ್ತಾವ. ಎಪ್ಪತ್ತು ಮಂದಿ ಸಿಗಬೇಕಲ್ಲ!

ಇದು ನಮ್ಮ ಭಾಗಕ್ಕೆ ಹೊಸದಲ್ಲ. ನಮ್ಮ ಹಳೇ ಇಂಡಿ ತಾಲೂಕಿನ ಹಲಸಂಗಿಯಾಗ ಮಧುರಚೆನ್ನ, ಸಿಂಪಿ ಲಿಂಗಣ್ಣ, ಅವರ ಗೆಳೆಯರು ಕೂಡಿ ಬೀಸುವ ಕುಟ್ಟುವ ಹೆಣ್ಣುಮಕ್ಕಳ ಬಾಯಿಂದ ಕೇಳಿ ಕೇಳಿ ಬರೆದುಕೊಂಡು 1931ರಾಗ 'ಗರತಿಯ ಹಾಡು' ಅಂತ ಪುಸ್ತಕ ತಂದರು. ಆ ಪುಸ್ತಕ ಇರದಿದ್ದರೆ ಆ ಮಾತುಗಳು ಆ ಅವ್ವಂದಿರ ಸಂಗಡ ಮಣ್ಣಾಗ್ತಿದ್ದವು. ಮಾತು ಉಳೀತು. ಆದರೆ ಆ ಅವ್ವಂದಿರ ದನಿ ಹೆಂಗಿತ್ತು? ಎಲ್ಲಿ ಎಳೀತಿದ್ದರು, ಎಲ್ಲಿ ಉಸಿರು ಬಿಡ್ತಿದ್ದರು, ಕಲ್ಲು ತಿರುಗೋ ಸಪ್ಪಳಕ್ಕ ಹೆಂಗ ಕೂಡಿಸಿಕೊಳ್ತಿದ್ದರು? ಅದು ಯಾರಿಗೂ ಗೊತ್ತಿಲ್ಲ. ಅವರ ಹತ್ತಿರ ಇದ್ದದ್ದು ಕಾಗದ, ಪೆನ್ಸಿಲ್ಲು. ನಮ್ಮ ಕೈಯಾಗ ದನಿ ಹಿಡಿಯೋ ಯಂತ್ರವೇ ಅದ, ನಾವು ಅದರಾಗ ಡಿಜೆ ಹಾಡು ತುಂಬಿಸ್ತೀವಿ. ತುಂಬ್ರಿ, ಬ್ಯಾಡ ಅನ್ನೋದಿಲ್ಲ, ನನಗೂ ಕುಣಿಯೋ ವಯಸ್ಸು ಇತ್ತು. ಒಂದು ಮೂಲ್ಯಾಗ ನಿಮ್ಮವ್ವನ ದನಿಗೂ ಜಾಗ ಇರಲಿ.

ದೊಡ್ಡವ್ವ 2021ರಾಗ ಹೋದಳು. ಮರುವರ್ಷ ಆಕೆಯ ದಿನ ಮಾಡುವಾಗ ಹಾಡು ಹಚ್ಚಬೇಕಂತ ಆ ಪೆನ್ ಡ್ರೈವ್ ಹಾಕಿದರೆ ದೀಪ ಹತ್ತಲಿಲ್ಲ. ಬಿದ್ದಿರಲಿಲ್ಲ, ತೊಯ್ದಿರಲಿಲ್ಲ, ಟ್ರಂಕಿನಾಗ ಅರಿವ್ಯಾಗ ಸುತ್ತಿಟ್ಟದ್ದು. ತಾನಾಗೇ ಸತ್ತಿತ್ತು. ಎರಡು ಊರು ತಿರುಗಿದೆ. ಒಬ್ಬರು ಆಗೋದಿಲ್ಲ ಅಂದರು, ಇನ್ನೊಬ್ಬರು ಬೆಂಗಳೂರಿಗೆ ಕಳಿಸಬೇಕು, ಸಾವಿರಾರು ರೂಪಾಯಿ, ಬಂದರೂ ಬಂತು ಬರದಿದ್ದರೂ ಇಲ್ಲ ಅಂದರು. ಆ ಹುಡುಗಿಯ ಲ್ಯಾಪ್‌ಟಾಪು ಕೆಟ್ಟು ಆಕೆ ಹತ್ತಿರವೂ ಉಳಿದಿರಲಿಲ್ಲ. ಕಡೆಗೆ ದೊಡ್ಡವ್ವನ ಮಗಳು, ನಮ್ಮ ಅಕ್ಕ, ಸಿಂದಗಿಯಿಂದ ಫೋನ್ ಮಾಡಿದಳು. ಟಿವಿಯಾಗ ಕೇಳಾಕಂತ ಆಕೆಯ ಮಗ ಎಂದೋ ಒಂದಷ್ಟು ಪದ ತನ್ನ ಪೆನ್ ಡ್ರೈವಿಗೆ ಹಾಕಿಕೊಂಡಿದ್ದನಂತೆ. ನೋಡಿದರೆ 17 ಪದ ಇದ್ದವು. 42ರಾಗ 17. ಉಳಿದ 25 ಪದ ಈಗ ಭೂಮಿ ಮ್ಯಾಲೆ ಎಲ್ಲೂ ಇಲ್ಲ. ಅದರಾಗ ಒಂದು ಬರಗಾಲದ ಪದ ಇತ್ತು, ದನ ಮಾರಿ ಗುಳೆ ಹೋದದ್ದು, ನಮ್ಮ ಮನೆತನದ ಹೆಸರು ಹಿಡಿದು ಹಾಡಿದ್ದು. ಎರಡು ನುಡಿ ನನಗ ನೆನಪದಾವ, ಮುಂದಿನವು ಇಲ್ಲ.

ಆವತ್ತು ನನಗ ಹಗೇವು ನೆನಪಾತು. ನಮ್ಮ ಹಿರಿಯರು ಬಿಳಿಜೋಳ ಹಗೇವಿನಾಗ ತುಂಬಿಡ್ತಿದ್ದರು. ನೆಲದಾಗ ತೆಗ್ಗು ತೋಡಿ, ಸುತ್ತ ಹುಲ್ಲು ಕೊಟ್ಟು, ಮ್ಯಾಲೆ ಮಣ್ಣು ಮೆತ್ತಿ ಮುಚ್ಚೋದು. ಬರಗಾಲಕ್ಕೆ ಅದೇ ಆಸರ. ಆದರೆ ಹಗೇವು ಮುಚ್ಚಿದೆ, ಮರೆತೆ ಅನ್ನೋ ಹಂಗಿರಲಿಲ್ಲ. ಕಾಲಕಾಲಕ್ಕ ತೆಗೀಬೇಕು. ತೆಗೆಯುವಾಗ ಮೊದಲು ದೀಪ ಇಳಿಬಿಟ್ಟು ನೋಡಬೇಕು, ದೀಪ ಆರಿದರೆ ಒಳಗ ಇಳಿದವ ಉಳಿಯೋದಿಲ್ಲ. ಹಳೇ ಕಾಳು ಉಣ್ಣಾಕ ತೆಗೆದು ಹೊಸ ಕಾಳು ತುಂಬಬೇಕು. ಬೀಜದ ಕಾಳಂತೂ ವರ್ಷ ವರ್ಷ ಬಿತ್ತಿ ಬೆಳೆದು ಹೊಸದು ಮಾಡಿಕೊಂಡರೇ ಬೀಜ. ಎಷ್ಟೇ ಚಲೋ ಮಾಲದಂಡಿ ಇರಲಿ, ಹತ್ತು ವರ್ಷ ಮಡಿಕ್ಯಾಗ ಇಟ್ಟು ಬಿತ್ತಿದರೆ ಎಷ್ಟು ಹುಟ್ಟಾವು?

ಪೆನ್ ಡ್ರೈವಿಗೂ ಇದೇ ಲೆಕ್ಕ ಹೊಂದ್ತದ. ವಿಜಯಪುರದಾಗ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರು ತಿರುಗಿ ತಾಡೋಲೆ ಕೂಡಿಸಿ 1923ರಾಗ 'ವಚನ ಶಾಸ್ತ್ರ ಸಾರ' ಅಚ್ಚು ಹಾಕಿಸಿದರು, ಮುಂದ ಮನೆ ಮಾರಿ ಸ್ವಂತ ಪ್ರೆಸ್ಸು ಹಾಕಿದರು. ಅವರಿಗೆ ಸಿಕ್ಕ ಓಲೆಗಳು ಬಸವಣ್ಣನವರ ಕಾಲದಾಗ ಬರೆದವಲ್ಲ. ಓಲೆ ಹಳೇದಾಗಿ ಹುಳ ಹಿಡಿಯೋದರೊಳಗ ಯಾರೋ ಕುಂತು ಹೊಸ ಓಲೆಗೆ ಇಳಿಸಿದರು, ಅದು ಹಳೇದಾದಾಗ ಮತ್ತೊಬ್ಬರು ಇಳಿಸಿದರು. ಹಂಗ ನೂರಾರು ವರ್ಷ ಕೈಯಿಂದ ಕೈಗೆ ದಾಟಿ ಬಂದದ್ದು. ಓಲೆ ಗಟ್ಟಿ ಇತ್ತು ಅಂತ ಉಳೀಲಿಲ್ಲ, ಇಳಿಸೋರು ಇದ್ದರು ಅಂತ ಉಳೀತು. ಅವರಿಗೆ ಒಂದು ಕಟ್ಟು ಇಳಿಸಾಕ ತಿಂಗಳು ಬೇಕಿತ್ತು. ನಮಗೆ ಚಾ ಕುಡಿಯೋಷ್ಟು ಹೊತ್ತು ಸಾಕು.

ಹಂಗಂತ ಮೂಲ ಕಾಗದ ಒಗೀರಿ ಅಂತ ಯಾರೂ ತಿಳೀಬಾರದು. ಖರೇದಿ ಪತ್ರ, ವಾಟ್ನಿ ಪತ್ರ ಅಸಲು ಅಸಲೇ. ಪೆನ್ ಡ್ರೈವಿನಾಗಿಂದು ಕೋರ್ಟಿನಾಗ ಪುರಾವೆ ಅಂತ ಹಿಡಿಯಬೇಕಂದ್ರ ಅದಕ್ಕ ಕಾಯ್ದೆ ಪ್ರಕಾರ ಬೇರೆ ಸರ್ಟಿಫಿಕೇಟು ಲಗತ್ತಿಸಬೇಕು. 2024ರ ಜುಲೈ 1ರಿಂದ ಬಂದ ಹೊಸ ಸಾಕ್ಷ್ಯ ಕಾಯ್ದೆಯಾಗೂ ಆ ನಿಯಮ ಅದ. ಆದರೆ ಅಸಲು ಸುಟ್ಟು ಹೋದಾಗ, ಇಲಿ ಕಡಿದಾಗ, ಮಳೆಗೆ ಮಾಳಿಗೆ ಸೋರಿ ತೊಯ್ದಾಗ ಯಾವ ಸರ್ವೆ ನಂಬರು, ಯಾವ ತಾರೀಖು, ನೋಂದಣಿ ನಂಬರು ಎಷ್ಟು ಅಂತ ನೋಡಾಕಾದರೂ ನಕಲು ಬೇಕಲ್ಲ. ನಂಬರು ಗೊತ್ತಿದ್ದರೆ ಆಫೀಸಿನಾಗ ಹುಡುಕಿ ನಕಲು ತೆಗೆಸೋದು ಸುಲಭ. ನಂಬರು ಇರದಿದ್ದರೆ ವರ್ಷಗಟ್ಟಲೆ ಅಲೆದಾಟ. ಸರ್ಕಾರವೇ 2024ರಿಂದ ಭೂ ಸುರಕ್ಷಾ ಅಂತ ತಹಶೀಲ್ದಾರ ಕಚೇರಿಯ ಹಳೇ ಕಾಗದ ಸ್ಕ್ಯಾನ್ ಮಾಡಸಾಕ ಹತ್ತ್ಯದ. ಅಷ್ಟು ದೊಡ್ಡ ದಫ್ತರಿನವರಿಗೇ ಕಾಗದದ ಮ್ಯಾಲೆ ನಂಬಿಗಿ ಸಾಲಲಿಲ್ಲ ಅಂದ ಮ್ಯಾಲೆ ನಮ್ಮ ತಗಡಿನ ಟ್ರಂಕು ಯಾವ ಲೆಕ್ಕ.

ಒಂದು ಬೇಡಿಕೆ ಅದ. ಪಂಚಾಯತಿ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಅಂತ ಹೆಸರು, ಬಹಳ ಕಡೆ ಕಂಪ್ಯೂಟರೂ ಬಂದಾವ. ಮಕ್ಕಳು ಬಳಸ್ತಾರ, ಬಳಸಲಿ. ವರ್ಷಕ್ಕೊಂದು ವಾರ, ರಾಶಿ ಮುಗಿದು ಕೈ ಖಾಲಿ ಇರೋ ಹೊತ್ತಿನಾಗ, ರೈತರು ತಮ್ಮ ಪೆನ್ ಡ್ರೈವ್ ತಂದು ತಾವೇ ಎದುರು ಕುಂತು ಹಳೇದರಿಂದ ಹೊಸದಕ್ಕೆ ಇಳಿಸಿಕೊಳ್ಳಾಕ ಅವಕಾಶ ಮಾಡಬೇಕು. ವೈರಸ್ ತೆಗೆಯೋ ವ್ಯವಸ್ಥೆ ಆ ಕಂಪ್ಯೂಟರಿಗೆ ಇರಬೇಕು. ಕಾಗದದ ನಕಲು ಅಲ್ಲಿ ಉಳಿಯಬಾರದು. ಹಾಡು, ಕತಿ, ಹಿರಿಯರು ಹೇಳಿದ ಹಳೇ ಸಂಗತಿ ಇದ್ದರೆ ಮಾತ್ರ ಮನೆಯವರು ಒಪ್ಪಿದರೆ ಒಂದು ಪ್ರತಿ ಅಲ್ಲೂ ಇರಲಿ. ಇದಕ್ಕೆ ಹೊಸ ಕಟ್ಟಡ ಬ್ಯಾಡ, ಅನುದಾನ ಬ್ಯಾಡ. ಕಲಿತ ಒಬ್ಬ ಹುಡುಗ ಅಥವಾ ಹುಡುಗಿ ಒಂದು ವಾರ ಕುಂದರಬೇಕು, ಅಷ್ಟೇ. ಪಂಚಾಯತಿ ಮೆಂಬರು ಆದವರು ಇದನ್ನ ಓದಿದರೆ ಮುಂದಿನ ಸಭೆಯಾಗ ಎತ್ತಲಿ.

ನಮ್ಮ ಮನ್ಯಾಗ ಈಗ ನಡೆದದ್ದು ಹಿಂಗದ. 32 ಜಿಬಿಯವು ಎರಡು, ತಂದಾಗ ಒಂದಕ್ಕ 350 ರೂಪಾಯಿ ಬಿತ್ತು. ಎರಡರಾಗೂ ಅದೇ ಸರಕು. ಒಳಗ ನಾಲ್ಕು ಫೋಲ್ಡರು: ಹೊಲ, ಬ್ಯಾಂಕು, ಫೋಟೋ, ದೊಡ್ಡವ್ವ. ಹೆಸರು ಕನ್ನಡದಾಗೇ ಬರೆಸೇನಿ, ನಾನೇ ಓದಬೇಕಲ್ಲ. ಕಂಪ್ಯೂಟರಿನಿಂದ ತೆಗೆಯುವಾಗ ಒಮ್ಮೆಲೇ ಕೀಳೋದಿಲ್ಲ. ಬರೆಯೋದು ಮುಗೀತಂತ ನಮಗ ಅನಿಸಿರ್ತದ, ಅದಿನ್ನೂ ಒಳಗ ಬರೀತಿರ್ತದ. ಎಜೆಕ್ಟ್ ಅನ್ನೋದನ್ನ ಒತ್ತಿಸಿಯೇ ತೆಗೀತೀನಿ. ಪ್ರತಿ ಯುಗಾದಿಗೆ ಎರಡೂ ತೆರೆದು ನೋಡೋದು, ಕೂಡಿದ್ದನ್ನ ಹಾಕೋದು. ಐದು ವರ್ಷಕ್ಕೊಮ್ಮೆ ಹೊಸ ಪೆನ್ ಡ್ರೈವಿಗೆ ಪೂರಾ ಇಳಿಸೋದು ಅಂತ ಮಾತಾಗ್ಯದ, ಗ್ವಾಡಿ ಮ್ಯಾಲೆ ತಾರೀಖು ಬರೆದೇವಿ.

ಒಂದು ನಮ್ಮ ಟ್ರಂಕಿನಾಗ. ಇನ್ನೊಂದು ಸಿಂದಗಿಯಾಗ, ಅಕ್ಕನ ಮನ್ಯಾಗ. ಆಕೆ ಅದನ್ನ ತೇವ ಹತ್ತಬಾರದಂತ ತೊಗರಿಬೇಳೆ ಡಬ್ಬಿಯಾಗ ಹೂತಿಟ್ಟಾಳ. ಹೋದ ಯುಗಾದಿಗೆ ಕೇಳಿದರೆ, "ಬ್ಯಾಳಿ ತೀರೋತನ ಅದಕ್ಕೇನೂ ಆಗೋದಿಲ್ಲ ಬಿಡೋ" ಅಂದಳು.